ನಾಳೆಯೆಂಬ ಪ್ರಮಾದ

ಅನಂತಚತುರ್ದಶಿಯಂದು ನಿರ್ಜಲ ಉಪವಾಸವಿದ್ದು, ಮರುದಿನ ಜಿನಾಲಯದಲ್ಲಿ ಅಭಿಷೇಕ ಪೂಜೆಗಳು ಮುಗಿದ ಮೇಲೆ ಶಾಂತಚಿತ್ತದಿಂದ ಪಾರಣೆ ಮಾಡುವ ತರುಣರು ಶ್ರಾವಕ ಕುಟುಂಬಗಳಲ್ಲಿ ಇಂದಿಗೂ ಇದ್ದಾರೆ. ಅಂಥ ತರುಣನೊಬ್ಬನು ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾನೆಂದು ಭಾವಿಸಬಹುದು. ಪರ್ವವನ್ನು ಮುಗಿಸಿ ವಿದ್ಯಾರ್ಥಿನಿಲಯಕ್ಕೆ ಮರಳಿದ ಅವನ ಮೇಜಿನ ಮೇಲೆ ಬರೆಯಬೇಕಾದ ಪ್ರಬಂಧವೊಂದು ಕಾದಿದೆ. "ನಾಳೆ ಆರಂಭಿಸುವೆನು" ಎನ್ನುತ್ತಾನೆ. ನಾಳೆ ಬರುತ್ತದೆ; ಪುಟವು ಬರಿದಾಗಿಯೇ ಉಳಿಯುತ್ತದೆ. ಒಂದು ಅಹೋರಾತ್ರಿ ಅನ್ನೋದಕಗಳನ್ನು ತೊರೆಯಬಲ್ಲವನು ಒಂದು ಗಳಿಗೆ ಪುಸ್ತಕದ ಮುಂದೆ ಕುಳಿತಿರಲಾರನು. ಹಸಿವನ್ನು ಗೆದ್ದ ಆ ಬಲವು ಇಲ್ಲಿ ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಎರಡು ಉತ್ತರಗಳು ಬಳಕೆಯಲ್ಲಿವೆ. ಹಿರಿಯರು "ಸೋಮಾರಿತನ" ಎನ್ನುತ್ತಾರೆ. ತರುಣನು "ಉತ್ಸಾಹವೇ ಬರುತ್ತಿಲ್ಲ" ಎನ್ನುತ್ತಾನೆ. ಶಾಸ್ತ್ರವನ್ನು ಅಷ್ಟಿಷ್ಟು ಓದಿದವನಾದರೆ ವೀರ್ಯಾಂತರಾಯ ಕರ್ಮದ ಉದಯವೆಂದೂ ಹೇಳಿಯಾನು. ಎರಡು ಉತ್ತರಗಳೂ ಅಪೂರ್ಣ. ಸೋಮಾರಿಯಾದವನು ಉಪವಾಸವನ್ನು ಹೇಗೆ ಮಾಡಿದನು? ಇನ್ನು ವೀರ್ಯಾಂತರಾಯದ ಕ್ಷಯೋಪಶಮವು ಅಲ್ಪವಾಗಿಯಾದರೂ ಇಲ್ಲದ ಸಂಸಾರಿಯೇ ಇಲ್ಲ. ಇರುವಷ್ಟು ಶಕ್ತಿಯನ್ನು ಬಚ್ಚಿಡದೆ ತೊಡಗಿಸುವುದನ್ನೇ ಆಚಾರ್ಯರು ವೀರ್ಯಾಚಾರವೆಂದು ಕರೆದರು. ಉತ್ಸಾಹವು ಬಂದ ಮೇಲೆ ಕಾರ್ಯ ಮಾಡುವೆನೆಂಬುದು ಈಜು ಕಲಿತ ಮೇಲೆ ನೀರಿಗಿಳಿಯುವೆನೆಂಬಂತೆ.

ಈ ದೋಷಕ್ಕೆ ಜೈನಶಾಸ್ತ್ರದಲ್ಲಿ ಇರುವ ಹೆಸರು ಪ್ರಮಾದ. ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗ ಎಂಬ ಐದು ಬಂಧಹೇತುಗಳಲ್ಲಿ ತತ್ತ್ವಾರ್ಥಸೂತ್ರವು ಅದನ್ನು ಎಣಿಸಿದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಪ್ರಮಾದವನ್ನು ಹದಿನೈದು ಬಗೆಯಾಗಿ ವಿಂಗಡಿಸುತ್ತದೆ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಪ್ರಣಯ. ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆಗಳೆಂಬ ವಿಕಥೆಗಳಿಗಾಗಿ ಹಿಂದೆ ಜಗಲಿಯವರೆಗಾದರೂ ಹೋಗಬೇಕಾಗಿತ್ತು. ಇಂದು ನಾಲ್ಕೂ ಅಂಗೈಯಗಲದ ಮೊಬೈಲ್ ಫೋನಿನಲ್ಲಿ ಅಡಗಿವೆ. ಗಮನಿಸಬೇಕಾದ ವಿಷಯವೆಂದರೆ, ಈ ಪಟ್ಟಿಯಲ್ಲಿ ನಿದ್ರೆಯು ಒಂದು ಮಾತ್ರ. ಉಳಿದ ಹದಿನಾಲ್ಕೂ ಎಚ್ಚರವಾಗಿರುವವನ ಚಟುವಟಿಕೆಗಳೇ. ಹೀಗಿರಲು ಪ್ರಮಾದವೆಂದರೆ ಸುಮ್ಮನಿರುವುದಲ್ಲ. ಮಾಡತಕ್ಕದ್ದನ್ನು ಬಿಟ್ಟು ಬೇರೊಂದರಲ್ಲಿ ಮೈಮರೆಯುವುದು.

ಮೈಮರೆಯುವುದೇಕೆ? ಮಾಡಬೇಕಾದ ಕೆಲಸವನ್ನು ನೆನೆದೊಡನೆ ಮನಸ್ಸಿನಲ್ಲಿ ಒಂದು ಸಣ್ಣ ನೋವು ಏಳುತ್ತದೆ. ಬರೆದದ್ದು ಚೆನ್ನಾಗಿರದಿದ್ದರೆ? ಸಹಪಾಠಿಗಳು ಮುಂದೆ ಹೋಗಿಬಿಟ್ಟಿದ್ದರೆ? "ನಾಳೆ" ಎಂದ ಕ್ಷಣದಲ್ಲಿ ಆ ನೋವು ಅಡಗುತ್ತದೆ. ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರಾದ ಫ್ಯೂಶಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ ಅವರು ೨೦೧೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ಪ್ರತಿಪಾದಿಸಿದ್ದಾರೆ: ಮುಂದೂಡುವಿಕೆಯು ಆ ಹೊತ್ತಿನ ಮನಃಕ್ಲೇಶವನ್ನು ಕಳೆದುಕೊಳ್ಳುವ ಉಪಾಯ, ಅದರ ಬೆಲೆಯನ್ನು ತೆರುವವನು ನಾಳಿನ ತಾನು. ಸಾಲ ಮಾಡಿ ಸುಖಪಟ್ಟವನ ಸ್ಥಿತಿಯೇ ಇದು.

ಈ ಸಾಲಕ್ಕೆ ಬಡ್ಡಿಯೂ ಉಂಟು. ಊರಿನಿಂದ ತಂದೆಯು ಫೋನಿನಲ್ಲಿ "ಓದು ಹೇಗೆ ಸಾಗಿದೆ?" ಎಂದು ಕೇಳುತ್ತಾನೆ. "ಚೆನ್ನಾಗಿ ಸಾಗಿದೆ" ಎಂಬ ಉತ್ತರ ಹೋಗುತ್ತದೆ. ಮಾರ್ಗದರ್ಶಕರು ಎದುರಾದರೆ ತರುಣನು ಬೇರೆ ದಾರಿ ಹಿಡಿಯುತ್ತಾನೆ. ಅಲ್ಲಿಗೆ ಪ್ರಮಾದವು ಮಾಯಾಕಷಾಯವನ್ನು ಕರೆತಂದಿತು. ಸತ್ಯಾಣುವ್ರತಕ್ಕೆ ಬಿರುಕು ಬಿದ್ದಿತು. ಲೌಕಿಕ ವಿದ್ಯೆಯನ್ನು ಸ್ವಾಧ್ಯಾಯತಪವೆಂದು ಕರೆಯುವುದು ಸರಿಯಲ್ಲ. ಪರೀಕ್ಷೆಯಲ್ಲಿ ಅಂಕ ಕಡಮೆಯಾದರೆ ಆತ್ಮಕ್ಕೆ ಹಾನಿಯೂ ಇಲ್ಲ. ಆದರೆ ಅಂಕವನ್ನು ಕಳೆದ ಪ್ರಮಾದವೇ ಸತ್ಯವನ್ನೂ ಕಳೆಯುವುದರಿಂದ ಇದು ಧರ್ಮದ ಪ್ರಶ್ನೆಯಾಗುತ್ತದೆ.

ಈಗ ಮೊದಲ ಪ್ರಶ್ನೆಗೆ ಮರಳಬಹುದು. ಉಪವಾಸವು ಸಾಧ್ಯವಾದುದು ಹೇಗೆ? ಅದಕ್ಕೆ ಆದಿಯೂ ಅಂತ್ಯವೂ ಗೊತ್ತಾಗಿತ್ತು. ಜಿನಬಿಂಬದ ಮುಂದೆ, ಹಿರಿಯರ ಸಾಕ್ಷಿಯಲ್ಲಿ ಸಂಕಲ್ಪವಾಗಿತ್ತು. "ಇಂದು ಉಪವಾಸವಿರಲು ಮನಸ್ಸಿದೆಯೇ?" ಎಂದು ಆ ದಿನ ಅವನು ತನ್ನನ್ನು ಗಳಿಗೆಗೊಮ್ಮೆ ಕೇಳಿಕೊಳ್ಳಲಿಲ್ಲ, ಪ್ರಶ್ನೆಯು ಮುಂಚೆಯೇ ತೀರ್ಮಾನವಾಗಿತ್ತು. ಓದಿಗಾದರೋ ಎಲ್ಲೆಯಿಲ್ಲ. "ಚೆನ್ನಾಗಿ ಓದಬೇಕು" ಎಂಬುದು ಇಚ್ಛೆ, ಅದು ವ್ರತವಲ್ಲ. ಎಂದು ಆರಂಭ, ಎಲ್ಲಿ, ಎಷ್ಟು ಹೊತ್ತು, ಯಾವಾಗ ಮುಕ್ತಾಯ ಎಂಬುದು ಗೊತ್ತಿಲ್ಲದ ಕಾರ್ಯವು ಮನಸ್ಸಿಗೆ ದಡವಿಲ್ಲದ ಸಮುದ್ರದಂತೆ ಕಾಣುತ್ತದೆ. ಆದುದರಿಂದ ಕೊರತೆ ಬಲದ್ದಲ್ಲ, ಮಿತಿಯದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಹೇಳುವಾಗ ನಿಯಮ, ಯಮ ಎಂದು ಎರಡು ಮಾಡಿದರು. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ನಿಯಮಕ್ಕೆ ಕಾಲಾವಧಿಗಳನ್ನೂ ಸೂಚಿಸಿದರು. ಗೃಹಸ್ಥನ ಚಂಚಲ ಮನಸ್ಸನ್ನು ಬಲ್ಲವರ ಕರುಣೆ ಇದರಲ್ಲಿದೆ. ವಿದ್ಯಾರ್ಥಿಯಾದರೋ ಪರೀಕ್ಷೆಯ ಭಯದಲ್ಲಿ "ಇನ್ನು ಮುಂದೆ ದಿನಕ್ಕೆ ೧೪ ಗಂಟೆ ಓದುವೆನು" ಎಂದು ಯಮವನ್ನೇ ತೊಡುತ್ತಾನೆ. ಮೂರನೆಯ ದಿನ ಅದು ಮುರಿಯುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ತಪಗಳೆರಡಕ್ಕೂ "ಶಕ್ತಿಗನುಸಾರವಾಗಿ" ಎಂಬ ವಿಶೇಷಣವಿರುವುದು ವ್ಯರ್ಥವಲ್ಲ. ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ನಟಿಸುವುದೂ ಹಾಗೆಯೇ ದೋಷ.

ಒಂದು ಮುಹೂರ್ತವೆಂದರೆ ಎರಡು ಗಳಿಗೆ, ಅಂದರೆ ೪೮ ನಿಮಿಷ. ಸೂರ್ಯಾಸ್ತಕ್ಕೆ ಮುನ್ನ ಭೋಜನ ಮುಗಿಸುವವನಿಗೆ ಸಂಜೆಯು ದೀರ್ಘವಾಗಿ ಉಳಿಯುತ್ತದೆ. ಆ ಸಂಜೆಯಲ್ಲಿ ಒಂದು ಮುಹೂರ್ತ, ಒಂದೇ ಸ್ಥಳದಲ್ಲಿ, ಫೋನನ್ನು ಇನ್ನೊಂದು ಕೋಣೆಯಲ್ಲಿರಿಸಿ, ತೆರೆದ ಪುಸ್ತಕದ ಮುಂದೆ ಕುಳಿತುಕೊಳ್ಳುವುದು, ಮುಹೂರ್ತ ಮುಗಿದೊಡನೆ ಏಳುವ ಸ್ವಾತಂತ್ರ್ಯವೂ ಇರುವುದು, ಹದಿನೈದು ದಿನಗಳ ಅವಧಿ, ಮನೆಯವರಲ್ಲೊಬ್ಬರ ಸಾಕ್ಷಿ. ಇಷ್ಟೇ ನಿಯಮ. ಉತ್ಸಾಹವು ಇದಕ್ಕೆ ಬೇಕಾಗಿಲ್ಲ. ಬಹುಮಟ್ಟಿಗೆ ಅದು ಕುಳಿತ ಮೇಲೆಯೇ ಬರುತ್ತದೆ. ಬಾರದಿದ್ದರೂ ನಿಯಮಕ್ಕೆ ಭಂಗವಿಲ್ಲ.

ಆದರೂ ಒಂದು ದಿನ ತಪ್ಪುತ್ತದೆ. ಆಗ ತರುಣನು ತನ್ನನ್ನೇ ಹಳಿದುಕೊಂಡು "ನನ್ನಿಂದಾಗದು" ಎಂದು ಎಲ್ಲವನ್ನೂ ಕೈಬಿಡುತ್ತಾನೆ. ಇದು ಪಶ್ಚಾತ್ತಾಪವಲ್ಲ, ಆರ್ತಧ್ಯಾನ. ಕಷಾಯಕ್ಕೊಳಗಾದವನು ಮೊದಲು ತನ್ನನ್ನೇ ಹಿಂಸಿಸುತ್ತಾನೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಮಹಾವ್ರತಿಗಳಾದ ಮುನಿಗಳೇ ಪ್ರಮತ್ತವೆಂಬ ಆರನೆಯ ಗುಣಸ್ಥಾನಕ್ಕೂ ಅಪ್ರಮತ್ತವೆಂಬ ಏಳನೆಯದಕ್ಕೂ ಅಂತರ್ಮುಹೂರ್ತದೊಳಗೆ ಮತ್ತೆಮತ್ತೆ ಇಳಿದೇರುತ್ತಾರೆ. ಆ ಉನ್ನತ ಸ್ಥಿತಿಗೂ ವಿದ್ಯಾರ್ಥಿಯ ಸ್ಥಿತಿಗೂ ಸಾಮ್ಯವಿಲ್ಲ. ಆದರೆ ಇಳಿದವನು ಮರಳಿ ಏರಬಲ್ಲನೆಂಬ ಪಾಠವು ಎಲ್ಲರಿಗೂ ಒಂದೇ. ಅದಕ್ಕಾಗಿಯೇ ಪ್ರತಿಕ್ರಮಣವನ್ನೂ ಪ್ರತ್ಯಾಖ್ಯಾನವನ್ನೂ ಜೊತೆಯಾಗಿ ಆವಶ್ಯಕಗಳಲ್ಲಿ ಸೇರಿಸಿದ್ದಾರೆ: ಆದದ್ದನ್ನು ಒಪ್ಪಿಕೊಳ್ಳುವುದು, ಆಗಬಾರದ್ದನ್ನು ತೊರೆಯುವುದು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದ ಮೈಕೇಲ್ ವೋಲ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಸ್ಮರಣೀಯ. ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿದುದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಮೆ ಮುಂದೂಡಿದರೆಂದು ಅದು ತೋರಿಸಿತು. ಕ್ಷಮೆಯು ಹಿತಕರವಾದುದು ಬೇರೆಯವರ ವಿಷಯದಲ್ಲಿ ಮಾತ್ರವಲ್ಲ.

ಮನೆಯವರ ಕರ್ತವ್ಯವೇನು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ವಾರಿಷೇಣ ಮುನಿಯು ಅದಕ್ಕೆ ದೃಷ್ಟಾಂತ. ಅವನ ಗೆಳೆಯ ಪುಷ್ಪಡಾಲನು ದೀಕ್ಷೆ ಪಡೆದಿದ್ದರೂ ಮನಸ್ಸು ಮನೆಯ ಮಡದಿಯಲ್ಲೇ ಇತ್ತು. ದೇಹ ಸಂಘದಲ್ಲಿ, ಚಿತ್ತ ಊರಿನಲ್ಲಿ. ವಾರಿಷೇಣನು ಅವನನ್ನು ಜರೆಯಲಿಲ್ಲ. ತನ್ನ ಅರಮನೆಗೆ ಕರೆದೊಯ್ದು ತಾನು ತೊರೆದದ್ದೆಲ್ಲವನ್ನೂ ತೋರಿಸಿದನು. ಗೆಳೆಯನು ತಾನಾಗಿಯೇ ನಾಚಿ ಸ್ಥಿರನಾದನು. ಪುಸ್ತಕ ಎದುರಿಗಿದ್ದೂ ಚಿತ್ತ ಬೇರೆಡೆ ಇರುವ ಮಗನಿಗೆ ಬೈಗುಳವು ಭಯವನ್ನಷ್ಟೇ ಕೂಡಿಸುತ್ತದೆ. ಭಯವು "ನಾಳೆ"ಯನ್ನು ಕೂಡಿಸುತ್ತದೆ. ಇನ್ನು ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಬಾಳೇ ಬೇಸರವೆನ್ನುವ ಮಗುವಿನಲ್ಲಿ ಕಾಣುವುದು ಪ್ರಮಾದವಲ್ಲ, ವ್ಯಾಧಿ. ಅವನಿಗೆ ಬೇಕಾದುದು ಹೊಸ ವ್ರತವಲ್ಲ, ವೈದ್ಯ. ವ್ಯಾಧಿಯನ್ನು ದೋಷವೆಂದು ಜರೆಯುವುದು ಅಜ್ಞಾನ.

ಆ ತರುಣನು ಇಂದು ಸಂಜೆ ತಂದೆಗೆ ಫೋನು ಮಾಡಿ, "ಇನ್ನೂ ಒಂದು ಪುಟವನ್ನೂ ಬರೆದಿಲ್ಲ, ಇಂದು ಒಂದು ಮುಹೂರ್ತ ಕುಳಿತುಕೊಳ್ಳುವೆನು" ಎಂದರೆ ಸಾಕು. ಮೊದಲ ಮಾತು ಪ್ರತಿಕ್ರಮಣ, ಎರಡನೆಯದು ನಿಯಮ. ತಂದೆಯೂ "ಆಗಲಿ" ಎಂದಷ್ಟೇ ಹೇಳಿದರೆ ಅದೇ ಸ್ಥಿತಿಕರಣ.