ತೀರ್ಥಯಾತ್ರೆಯಲ್ಲಿ ಪಾದದ ಎಚ್ಚರ

ತೀರ್ಥವೆಂದರೆ ನೀರನ್ನು ದಾಟುವ ಸ್ಥಳ. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಕೂಡುತ್ತದೆ; ಸಂಗಮದ ದಂಡೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಇದೇ ಜಿಲ್ಲೆಯ ಬಂಕಾಪುರವು ಜೈನರಿಗೆ ಪುಣ್ಯಭೂಮಿ. ಗುಣಭದ್ರಾಚಾರ್ಯರ ಉತ್ತರಪುರಾಣವು ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಅಲ್ಲಿ ಪೂಜೆಗೊಂಡಿತು. ಗಂಗರ ಮಾರಸಿಂಹನು ಅಲ್ಲಿಯೇ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನಾಚರಿಸಿ ದೇಹವನ್ನು ತ್ಯಜಿಸಿದನು. ಸಂಗಮದಿಂದ ಬಂಕಾಪುರಕ್ಕೆ ಹೊರಟ ಶ್ರಾವಕನು ವಾಹನವೇರಿದರೆ ಅದೇ ದಿನ ತಲುಪಿ ಹಿಂದಿರುಗಬಹುದು. ನಡೆದು ಹೋದವನಿಗೆ ಹೆಚ್ಚಿನ ಪುಣ್ಯವುಂಟೇ?

ಮುನಿಗಳ ವಿಹಾರವು ಕಾಲ್ನಡಿಗೆಯದು. ಆ ನಡಿಗೆಗೆ ಶಾಸ್ತ್ರವು ಈರ್ಯಾಸಮಿತಿಯನ್ನು ವಿಧಿಸಿದೆ: ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವವೂ ನೋಯದಂತೆ ಹೆಜ್ಜೆಯಿಡಬೇಕು. ಮಳೆಗಾಲದಲ್ಲಿ ನೆಲದ ತುಂಬ ಜೀವಗಳು ಹುಟ್ಟುವುದರಿಂದ ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲಬೇಕೆಂದೂ ಅದೇ ಶಾಸ್ತ್ರವು ಹೇಳುತ್ತದೆ. ನಡಿಗೆಯೇ ಪುಣ್ಯವಾಗಿದ್ದರೆ ನಿಲ್ಲುವುದು ವ್ರತವಾಗುತ್ತಿರಲಿಲ್ಲ. ಎರಡಕ್ಕೂ ಎಚ್ಚರವೇ ಮೂಲ. ಗೃಹಸ್ಥನಿಗೆ ವಿಹಿತವಾದ ದಿಗ್ವ್ರತದ ಆಶಯವೂ ಇದೇ: ಸಂಚಾರಕ್ಕೆ ಎಲ್ಲೆ ಹಾಕಿಕೊಂಡವನು ಆ ಎಲ್ಲೆಯಾಚೆ ತನ್ನಿಂದಾಗಬಹುದಾದ ಹಿಂಸೆಯನ್ನು ಬಿಡುತ್ತಾನೆ.

ಹಾಗಾದರೆ ವೃದ್ಧರೂ ರೋಗಿಗಳೂ ವಾಹನವೇರುವುದು ದೋಷವೇ? ಅಲ್ಲ; ಅಶಕ್ತಿಯು ಪ್ರಮಾದವಲ್ಲ. ಆದರೆ ಶಕ್ತನಾದವನು ವೇಗವನ್ನು ಆರಿಸಿಕೊಂಡಾಗ ನೆಲವು ಅವನ ಕಣ್ಣಿಗೆ ಬೀಳುವುದಿಲ್ಲ. ಇತ್ತ ನಡೆದವನು ಕ್ರಮಿಸಿದ ಮೈಲಿಗಳನ್ನೆಣಿಸಿ ಬೀಗಿದರೆ ಆ ಎಣಿಕೆಯೂ ಪರಿಗ್ರಹವೇ.

ಯಾತ್ರಿಕನು ಪರರ ಊರುಗಳನ್ನೂ ಗುಡಿಗಳನ್ನೂ ಹಾಯ್ದು ಹೋಗುವವನು. ಸ್ಪೇನ್ ದೇಶದ ಸಾಂತಿಯಾಗೋ ಯಾತ್ರೆಯ ಹಾದಿಯು ಚರ್ಚುಗಳ, ದ್ರಾಕ್ಷಿತೋಟಗಳ ನಡುವೆ ಸಾಗುತ್ತದೆ. ಇರಾಚೆ ಎಂಬಲ್ಲಿ 1991ರಿಂದ ಯಾತ್ರಿಕರಿಗೆ ನಲ್ಲಿಯಿಂದ ದ್ರಾಕ್ಷಾಮದ್ಯವನ್ನು ಉಚಿತವಾಗಿ ಕೊಡುತ್ತಾರೆ. ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲೊಂದು. ಅವನು ಅದನ್ನು ಮುಟ್ಟದೆ ಮುಂದೆ ಸಾಗಬೇಕು. ಕೊಡುವವರ ಆದರವನ್ನು ಹಳಿಯಬಾರದು. ಗಳಗೇಶ್ವರನ ಗುಡಿಯ ಮುಂದೆ, ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೊಲದ ಬದುವಿನಲ್ಲಿ ನಡೆಯುವಾಗಲೂ ಇದೇ ನಡತೆ ಸಲ್ಲುತ್ತದೆ. ತನ್ನ ವ್ರತದಲ್ಲಿ ದೃಢತೆ, ಪರರ ನಂಬಿಕೆಯಲ್ಲಿ ಗೌರವ: ಅನೇಕಾಂತವು ಹಾದಿಯಲ್ಲಿ ಕಾಣುವ ಬಗೆ ಇದು.

ಈ ಎಚ್ಚರವು ನಡೆಯುವವರ ಹೊಣೆ ಮಾತ್ರವಲ್ಲ. ರಾಣೆಬೆನ್ನೂರು, ಹಾವೇರಿಗಳನ್ನು ಹಾಯುವ ಬೆಂಗಳೂರು-ಪುಣೆ ಹೆದ್ದಾರಿಯ ಅಂಚಿನಲ್ಲಿ ವಿಹರಿಸುವ ಮುನಿಗಳಿಗೆ ವೇಗದ ವಾಹನಗಳ ಭಯವಿದೆ. ಬಸದಿಗಳ ಟ್ರಸ್ಟುಗಳು ಹಳ್ಳಿಗಳ ಒಳಹಾದಿಗಳನ್ನು ಗುರುತಿಸಿ, ಅಲ್ಲಲ್ಲಿ ತಂಗುದಾಣವನ್ನೂ ಸೋಸಿದ ನೀರನ್ನೂ ಒದಗಿಸಿದರೆ, ಜೊತೆಯಲ್ಲಿ ನಡೆಯುವ ಶ್ರಾವಕರು ಊಟದ ಕಸವನ್ನು ಹೊಲದಲ್ಲಿ ಚೆಲ್ಲದಿದ್ದರೆ, ಯಾತ್ರೆಯು ತಲುಪುವ ಮೊದಲೇ ಫಲಿಸುವುದು.