ದಂಡ ತೆತ್ತರೆ ಹೊಣೆ ತೀರಿತೇ?

ರಸ್ತೆಯ ನಿಯಮವನ್ನು ಮುರಿದವನಿಗೆ ಸರಕಾರವು ದಂಡ ವಿಧಿಸುತ್ತದೆ. ಅವನು ಆ ಹಣವನ್ನು ಕಟ್ಟಿದರೆ ಅವನ ಹೊಣೆಯು ಮುಗಿಯಿತೇ? ಕಟ್ಟದೆ ವರ್ಷಗಟ್ಟಲೆ ಬಾಕಿ ಉಳಿಸಿಕೊಂಡರೆ ಅವನು ಯಾರ ಸಾಲಗಾರ? ಇದು ಪೊಲೀಸರಿಗೂ ವಾಹನ ಸವಾರರಿಗೂ ಸಂಬಂಧಿಸಿದ ಸಣ್ಣ ಲೆಕ್ಕಾಚಾರ, ಇದರಲ್ಲಿ ಧರ್ಮಕ್ಕೇನು ಕೆಲಸ ಎಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ನಮಾಝ್, ಉಪವಾಸಗಳಲ್ಲಿ ಕಟ್ಟುನಿಟ್ಟಾಗಿರುವವರು ಕೂಡ ಮಸೀದಿಯ ಮೆಟ್ಟಿಲಿಳಿದು ಬೈಕ್ ಏರಿದೊಡನೆ ಬೇರೆಯೇ ವ್ಯಕ್ತಿಗಳಾಗುವುದನ್ನು ನಾವು ದಿನನಿತ್ಯ ಕಾಣುತ್ತೇವೆ. ಆದ್ದರಿಂದ ಓದುಗ ಮಿತ್ರರೇ, ಈ ಪ್ರಶ್ನೆಯನ್ನು ತುಸು ತಾಳ್ಮೆಯಿಂದ ಪರಿಶೀಲಿಸೋಣ.

ಹಿಂದೆ ಪೊಲೀಸನು ಕೈಯಡ್ಡ ಹಿಡಿದು ವಾಹನವನ್ನು ನಿಲ್ಲಿಸಿದರೆ ಮಾತ್ರ ದಂಡವಿತ್ತು. ಈಗ ವೃತ್ತದ ಕ್ಯಾಮೆರಾವೇ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ. ಚಲನ್ ವಾಹನದ ಮಾಲೀಕನ ಹೆಸರಿಗೆ ದಾಖಲಾಗುತ್ತದೆ. ಹಳೆಯ ಮೊಬೈಲ್ ಸಂಖ್ಯೆಯೋ ಹಳೆಯ ವಿಳಾಸವೋ ಆರ್.ಸಿ.ಯಲ್ಲಿದ್ದರೆ ಸುದ್ದಿಯೇ ತಲುಪದಿರಬಹುದು. ಆದರೆ ತಿಳಿಯಬೇಕೆಂದು ಬಯಸುವವನಿಗೆ ದಾರಿ ಕಷ್ಟವಲ್ಲ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ವಾಹನದ ಸಂಖ್ಯೆಯನ್ನು ಕೊಟ್ಟು ನೋಡಬಹುದು. ಸಮೀಪದ ಸಂಚಾರ ಠಾಣೆಯಲ್ಲಿ ವಿಚಾರಿಸಬಹುದು. ಮೊಬೈಲಿಗೆ ಬಂದ ಅಪರಿಚಿತ ಸಂದೇಶದ ಕೊಂಡಿಯನ್ನು ಒತ್ತಿ ಹಣ ಕಟ್ಟುವುದು ಮಾತ್ರ ಬೇಡ. ಚಲನ್ ಹೆಸರಿನಲ್ಲೇ ಮೋಸ ಮಾಡುವವರಿದ್ದಾರೆ. ನೋಡುವ ದಾರಿ ಹೀಗೆ ಸುಲಭವಾಗಿದ್ದರೂ ನಾವು ನೋಡುವುದಿಲ್ಲ. ನೋಡಿದರೆ ತೆರಬೇಕಾಗುತ್ತದಲ್ಲ ಎಂಬ ಅಂಜಿಕೆಯೇ ಇದಕ್ಕೆ ಕಾರಣ.

2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಬಾಕಿ ದಂಡದಲ್ಲಿ ಶೇಕಡಾ 50 ರಿಯಾಯಿತಿ ಘೋಷಿಸಿತು. ಆ ತಿಂಗಳ 11ನೇ ತಾರೀಕಿನವರೆಗೆ ಗಡುವು. ಠಾಣೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಬೆಂಗಳೂರು ನಗರವೊಂದರಲ್ಲೇ ನೂರು ಕೋಟಿ ರೂಪಾಯಿಗೂ ಮೀರಿ ಹಣ ಸಂಗ್ರಹವಾಯಿತು. ಬಳಿಕವೂ ಇಂತಹ ರಿಯಾಯಿತಿ ಬಂತು. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಬಂತು. ರಿಯಾಯಿತಿಯನ್ನು ಪಡೆಯುವುದು ತಪ್ಪೇ? ಖಂಡಿತ ಅಲ್ಲ. ಕಅಬ್ ಬಿನ್ ಮಾಲಿಕ್(ರ) ಎಂಬ ಸಹಾಬಿಯು ತನಗೆ ಬರಬೇಕಾಗಿದ್ದ ಸಾಲವನ್ನು ಇಬ್ನು ಅಬೀ ಹದ್ರದ್(ರ)ರೊಡನೆ ಮಸೀದಿಯಲ್ಲಿ ಕೇಳಿದಾಗ ಇಬ್ಬರ ದನಿಯೂ ಏರಿತು. ಪ್ರವಾದಿವರ್ಯರು(ಸ) ತಮ್ಮ ಕೋಣೆಯಿಂದ ಹೊರಬಂದು ಅರ್ಧ ಸಾಲವನ್ನು ಬಿಟ್ಟುಬಿಡುವಂತೆ ಕಅಬ್‌ರಿಗೆ ಸನ್ನೆ ಮಾಡಿದರು. ಅವರು ಒಪ್ಪಿದರು. ಕೂಡಲೇ ಪ್ರವಾದಿ(ಸ)ಯವರು ಸಾಲಗಾರನ ಕಡೆಗೆ ತಿರುಗಿ, ಉಳಿದುದನ್ನು ಎದ್ದು ತೀರಿಸುವಂತೆ ಆಜ್ಞಾಪಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಘಟನೆಯಲ್ಲಿ ಎರಡು ಪಾಠಗಳಿವೆ. ಬಿಟ್ಟುಕೊಡುವುದು ಕೊಡಬೇಕಾದವನ ಹಕ್ಕಲ್ಲ, ಪಡೆಯಬೇಕಾದವನ ಔದಾರ್ಯ. ಬಿಟ್ಟುಕೊಟ್ಟ ಮೇಲೆ ಉಳಿದುದಕ್ಕೆ ವಿಳಂಬವಿಲ್ಲ. ಮುಂದೆ ಹೇಗೂ ಅರ್ಧ ಮಾಡುತ್ತಾರೆ ಎಂದು ಇಂದೇ ಲೆಕ್ಕ ಹಾಕಿ ಸಿಗ್ನಲ್ ದಾಟುವವನು ಈ ಔದಾರ್ಯವನ್ನು ದುರುಪಯೋಗಪಡಿಸುತ್ತಾನೆ.

ಹಣದ ರೂಪದಲ್ಲಿ ಶಿಕ್ಷೆ ವಿಧಿಸಬಹುದೇ ಎಂಬ ಬಗ್ಗೆ ಫಿಕ್‌ಹ್ ವಿದ್ವಾಂಸರಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ ಎಂದು ಕೆಲವರು ನೆನಪಿಸಬಹುದು. ನಿಜ. ಆದರೆ ಅದು ಶಿಕ್ಷೆ ವಿಧಿಸುವವನ ಅಧಿಕಾರದ ಕುರಿತಾದ ಚರ್ಚೆ. ದಾರಿಹೋಕನಿಗೆ ಅಪಾಯ ಒಡ್ಡಬಾರದೆಂಬುದರಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಲೈಸೆನ್ಸ್ ಪಡೆಯುವಾಗ ನಾವು ಈ ನಿಯಮಗಳನ್ನು ಒಪ್ಪಿಯೇ ಸಹಿ ಹಾಕಿದ್ದೇವೆ. ಕರಾರುಗಳನ್ನು ಪೂರೈಸಬೇಕೆಂದು ಪವಿತ್ರ ಕುರ್‌ಆನಿನ ಅಲ್‌ಮಾಇದಃ ಅಧ್ಯಾಯವು ತನ್ನ ಮೊದಲ ಸೂಕ್ತದಲ್ಲೇ ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ದಂಡವೆಂದರೆ ಶಿಕ್ಷೆಯೋ ಬೆಲೆಯೋ? ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ಹೆತ್ತವರಿಗೆ ಸಣ್ಣ ದಂಡ ವಿಧಿಸಲಾಯಿತು. ತಡವಾಗಿ ಬರುವವರ ಸಂಖ್ಯೆ ಇಳಿಯಲಿಲ್ಲ, ಸುಮಾರು ಇಮ್ಮಡಿಯಾಯಿತು! ಹಿಂದೆ ಕಾಯುತ್ತಾ ಕುಳಿತ ಶಿಕ್ಷಕಿಯ ಮುಂದೆ ಹೆತ್ತವರಿಗೆ ಸಂಕೋಚವಾಗುತ್ತಿತ್ತು. ದಂಡ ಬಂದ ಮೇಲೆ, ಹಣ ಕೊಡುತ್ತೇವಲ್ಲ ಎಂಬ ಭಾವನೆ ಆ ಸಂಕೋಚವನ್ನು ತೊಡೆದುಹಾಕಿತು. ದಂಡವನ್ನು ರದ್ದುಪಡಿಸಿದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ.

ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದೂ ಇದುವೇ ಅಲ್ಲವೇ? ‘ಐನೂರು ತಾನೆ, ಕಟ್ಟಿದರಾಯಿತು’ ಎನ್ನುವವನು ಐನೂರು ರೂಪಾಯಿಗೆ ಏನನ್ನು ಕೊಂಡುಕೊಂಡ? ಫುಟ್‌ಪಾತಿನ ಮೇಲೆ ಕಾರು ನಿಲ್ಲಿಸಿದವನಿಂದಾಗಿ ಒಬ್ಬ ವೃದ್ಧೆ ಬಸ್ಸುಗಳ ನಡುವೆ ರಸ್ತೆಗಿಳಿದು ನಡೆಯಬೇಕಾಯಿತು. ದಂಡದ ಹಣ ಖಜಾನೆಗೆ ಹೋಯಿತು. ಆ ವೃದ್ಧೆಗೆ ಏನು ಸಿಕ್ಕಿತು? ಖಜಾನೆಯ ಬಾಕಿಯನ್ನು ಸರಕಾರ ಅರ್ಧಕ್ಕೆ ಇಳಿಸಬಹುದು; ವೃದ್ಧೆಯ ಬಾಕಿಯನ್ನು ಇಳಿಸುವ ಅಧಿಕಾರ ಯಾವ ಸರಕಾರಕ್ಕಿದೆ? ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಪರಲೋಕಕ್ಕೆ ಬಂದರೂ ಇತರರ ಮೇಲೆಸಗಿದ ಅನ್ಯಾಯದ ಪರಿಹಾರವಾಗಿ ಅವೆಲ್ಲವನ್ನೂ ಕಳೆದುಕೊಳ್ಳುವ ದಿವಾಳಿಕೋರನ ಕುರಿತು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ದಿವಾಳಿಕೋರನ ಪಟ್ಟಿಯಲ್ಲಿ ರಸ್ತೆಯ ಲೆಕ್ಕ ಇರಲಾರದು ಎಂದು ನಮಗೆ ಭರವಸೆ ಕೊಟ್ಟವರಾರು?

ಇದು ಅತಿಶಯೋಕ್ತಿಯಲ್ಲ. ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ದಾರಿಯಲ್ಲಿ ಬಿದ್ದ ಮುಳ್ಳನ್ನು ಬದಿಗೆ ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಕಲಿಸಿದ ಧರ್ಮ ನಮ್ಮದು. ಹಾಗಿರುವಾಗ ನಾವೇ ದಾರಿಯ ಮುಳ್ಳಾದರೆ? ಶುಕ್ರವಾರ ಮಧ್ಯಾಹ್ನ ನಿಮ್ಮ ಮಸೀದಿಯ ಮುಂದಿನ ರಸ್ತೆಯನ್ನೊಮ್ಮೆ ನೋಡಿರಿ. ನೆರೆಮನೆಯ ಗೇಟಿಗೆ ಅಡ್ಡವಾಗಿ ನಿಂತ ಬೈಕುಗಳಲ್ಲಿ ನಿಮ್ಮದೂ ಇದೆಯೇ? ಆ ಹೊತ್ತಿಗೆ ಆ ಮನೆಯಿಂದ ರೋಗಿಯೊಬ್ಬನನ್ನು ಆಸ್ಪತ್ರೆಗೆ ಒಯ್ಯಬೇಕಾದರೆ? ಪೊಲೀಸರು ಅಂದು ಚಲನ್ ಹಾಕದೆ ಸುಮ್ಮನಿದ್ದಾರು. ಆ ನೆರೆಯವನ ಹಕ್ಕು ಸುಮ್ಮನಿರುವುದೇ?

‘ರಸ್ತೆಯ ತುಂಬ ಹೊಂಡಗಳು, ಅಧಿಕಾರಿಗಳಲ್ಲಿ ಲಂಚಕೋರರು, ನಾವು ಮಾತ್ರ ಏಕೆ ಪ್ರಾಮಾಣಿಕರಾಗಬೇಕು?’ ಎಂಬುದು ಸಾಮಾನ್ಯ ಆಕ್ಷೇಪ. ಹೊಂಡದ ಲೆಕ್ಕ ಹೊಂಡ ಮುಚ್ಚದವನದು. ಅದನ್ನು ಕೇಳುವ ಹಕ್ಕು ನಮಗಿದೆ, ಕೇಳಬೇಕು ಕೂಡ. ಆದರೆ ಅವನ ತಪ್ಪು ನಮ್ಮ ತಪ್ಪಿಗೆ ಪರವಾನಿಗೆಯಾಗದು. ರಶೀದಿ ಬೇಡವೆಂದು ಇನ್ನೂರು ರೂಪಾಯಿಯನ್ನು ಕೈಗೆ ತುರುಕುವವನು ಉಳಿಸಿದ್ದು ಮುನ್ನೂರು. ಪಡೆದದ್ದು ಲಂಚ ಕೊಟ್ಟವನ ಪಾಪ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ಯವರು ಒಂದೇ ಶಾಪದಲ್ಲಿ ಸೇರಿಸಿದ್ದಾರೆ. ಹಾಗೆಂದು ಸಲ್ಲದ ದಂಡಕ್ಕೆ ತಲೆಬಾಗಬೇಕೆಂದಿಲ್ಲ. ಚಿತ್ರದಲ್ಲಿರುವುದು ನಿಮ್ಮ ವಾಹನವಲ್ಲವಾದರೆ, ಸಂಖ್ಯೆಯನ್ನು ತಪ್ಪಾಗಿ ಓದಿದ್ದರೆ ದೂರು ಕೊಡಿರಿ, ನ್ಯಾಯಾಲಯದಲ್ಲಿ ಪ್ರಶ್ನಿಸಿರಿ. ಸ್ವಂತದ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬ ಅನ್ನಿಸಾ ಅಧ್ಯಾಯದ ಆದೇಶವು, ನ್ಯಾಯ ನಿಮ್ಮ ಪರವಾಗಿದ್ದಾಗ ಬಾಯಿ ಮುಚ್ಚಿರಿ ಎನ್ನುವುದಿಲ್ಲ.

ಹಿಡಿಯುವವರೇ ಇಲ್ಲದಾಗ ಮನುಷ್ಯ ಹೇಗೆ ನಡೆಯುತ್ತಾನೆ? ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ರಾಜತಾಂತ್ರಿಕರು ತಪ್ಪು ಜಾಗದಲ್ಲಿ ವಾಹನ ನಿಲ್ಲಿಸಿದರೆ ಚಲನ್ ಹಾಕಬಹುದಿತ್ತು, ಹಣ ವಸೂಲು ಮಾಡುವಂತಿರಲಿಲ್ಲ. 1997ರಿಂದ 2002ರ ವರೆಗೆ ಹೀಗೆ ಬಾಕಿಯಾದ ಚಲನ್‌ಗಳು ಒಂದೂವರೆ ಲಕ್ಷವನ್ನು ಮೀರಿದವು. ತಲಾ ಲೆಕ್ಕದಲ್ಲಿ ಪಟ್ಟಿಯ ಮೇಲ್ತುದಿಯಲ್ಲಿದ್ದವರು ಕುವೈತ್ ಮತ್ತು ಈಜಿಪ್ಟಿನವರು. ಬಾಕಿಯೇ ಇಲ್ಲದವರಲ್ಲಿ ಸ್ವೀಡನ್, ನಾರ್ವೆಗಳೊಂದಿಗೆ ತುರ್ಕಿ, ಒಮನ್‌ಗಳೂ ಇದ್ದವು. ಓದಲು ನೋವಾಗುತ್ತದೆ, ಆದರೂ ಓದಬೇಕು. ಮುಸ್ಲಿಮ್ ಹೆಸರು ತಾನಾಗಿಯೇ ಯಾರನ್ನೂ ಪ್ರಾಮಾಣಿಕನನ್ನಾಗಿಸದು, ಅಪ್ರಾಮಾಣಿಕನನ್ನಾಗಿಸುವುದೂ ಇಲ್ಲ. ಯಾರೂ ನೋಡದಿದ್ದಾಗಲೂ ಅಲ್ಲಾಹನು ನೋಡುತ್ತಿದ್ದಾನೆಂಬ ಪ್ರಜ್ಞೆಯೇ ತಕ್ವಾ. ಅದು ನಾಲಿಗೆಯಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬುದು ಕ್ಯಾಮೆರಾ ಇಲ್ಲದ ತಿರುವಿನಲ್ಲಿ ತಿಳಿಯುತ್ತದೆ.

ಹೆತ್ತವರೇ, ನಿಮಗೊಂದು ಮಾತು. ಹದಿನೈದರ ಹುಡುಗನ ಕೈಗೆ ಸ್ಕೂಟರಿನ ಕೀಲಿ ಕೊಟ್ಟು ಮಾಂಸದಂಗಡಿಗೆ ಕಳುಹಿಸುವುದು ನಮ್ಮ ಮನೆಗಳಲ್ಲಿ ಹೆಮ್ಮೆಯ ವಿಷಯವಾಗಿಬಿಟ್ಟಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಇದಕ್ಕೆ ಪೋಷಕನನ್ನೇ ಹೊಣೆಯಾಗಿಸಿದೆ: 25,000 ರೂಪಾಯಿ ದಂಡ, ಮೂರು ವರ್ಷಗಳ ತನಕ ಸೆರೆವಾಸ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಕುರಿತು ಉತ್ತರಿಸಬೇಕಾದ ಕುರುಬನೆಂದು ಪ್ರವಾದಿ(ಸ)ಯವರು ಕಲಿಸಿದ್ದನ್ನು ನಾವು ಎಷ್ಟು ಬಾರಿ ಕೇಳಿಲ್ಲ!

ಇನ್ನು ಕೆಲವು ಹಕ್ಕುಗಳು ಮನೆಯೊಳಗಿನವು. ಭಾವನ ಬೈಕನ್ನು ಎರವಲು ಪಡೆದು ಒನ್-ವೇಯಲ್ಲಿ ನುಗ್ಗಿದರೆ ಚಲನ್ ಹೋಗುವುದು ಭಾವನ ಹೆಸರಿಗೆ. ಎರವಲು ಪಡೆದದ್ದು ಅಮಾನತು. ಆ ದಂಡವನ್ನು ಕೇಳುವ ಮೊದಲೇ ಕಟ್ಟಬೇಕಾದವರು ನೀವು. ವಾಹನವನ್ನು ಮಾರುವಾಗ ಬಾಕಿಯನ್ನು ಮುಚ್ಚಿಡುವುದು ಸರಕಿನ ದೋಷವನ್ನು ಮರೆಮಾಚುವುದಕ್ಕೆ ಸಮ.

ವಿಚಾರಣೆಗೊಳಗಾಗುವ ಮೊದಲೇ ಸ್ವಂತ ಲೆಕ್ಕವನ್ನು ನೋಡಿಕೊಳ್ಳಬೇಕೆಂಬ ಉಮರ್(ರ)ರ ಉಪದೇಶ ಪ್ರಸಿದ್ಧವಾಗಿದೆ. ಅದನ್ನು ಈ ವಾರ ಇಷ್ಟು ಸಣ್ಣ ವಿಷಯದಿಂದಲೇ ಆರಂಭಿಸಬಹುದು. ನಿಮ್ಮ ವಾಹನದ ಸಂಖ್ಯೆಯನ್ನು ಹಾಕಿ ನೋಡಿರಿ. ಬಾಕಿಯಿದ್ದರೆ ತೀರಿಸಿರಿ, ತಪ್ಪಾಗಿ ಬಂದಿದ್ದರೆ ಪ್ರಶ್ನಿಸಿರಿ. ಬಳಿಕ ಚಿತ್ರದಲ್ಲಿರುವ ಆ ವೃತ್ತವನ್ನು ನೆನಪಿಸಿಕೊಂಡು, ಅಂದು ಅಲ್ಲಿ ರಸ್ತೆ ದಾಟುತ್ತಿದ್ದವರು ಯಾರಿರಬಹುದೆಂದು ಯೋಚಿಸಿರಿ. ಅವರ ಗುರುತು ನಿಮಗಿಲ್ಲ, ಕ್ಷಮೆ ಕೇಳಲು ದಾರಿಯಿಲ್ಲ. ಅವರಿಗಾಗಿ ಪ್ರಾರ್ಥಿಸಿರಿ, ನಾಳೆ ಅದೇ ವೃತ್ತದಲ್ಲಿ ಬೇರೊಬ್ಬರು ದಾಟುವವರೆಗೆ ವಾಹನವನ್ನು ನಿಲ್ಲಿಸಿ ಕಾಯಿರಿ.