ಬಣ್ಣ ಯಾರ ಕಣ್ಣಿಗೆ?

ಎಲ್ಲರಿಗೂ ಒಂದೇ ಬಗೆಯದನ್ನು ಕೊಟ್ಟರೆ ಎಲ್ಲರನ್ನೂ ಸಮಾನವಾಗಿ ಕಂಡಂತಾಯಿತೆಂದು ನಾವು ನಂಬುತ್ತೇವೆ. ಒಂದೇ ಸಮವಸ್ತ್ರ, ಒಂದೇ ಪ್ರಶ್ನೆಪತ್ರಿಕೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಲು ಶಾಲೆಯ ಕಂಪ್ಯೂಟರ್ ಕೋಣೆ ಒಳ್ಳೆಯ ಜಾಗ.

ಪೈಥಾನ್ ಭಾಷೆಯ ಜೊತೆಗೇ ಐಡಲ್ ಎಂಬ ಬರೆಯುವ ಸಾಧನವೂ ಬರುತ್ತದೆ. ಅದರ ಕಿಟಕಿಯಲ್ಲಿ ಅಕ್ಷರ ಮೂಡುತ್ತಿದ್ದಂತೆ ಬಣ್ಣವೂ ಮೂಡುತ್ತದೆ. ‘ಇಫ್’, ‘ವೈಲ್’ ಮುಂತಾದ ಭಾಷೆಯ ಸ್ವಂತ ಪದಗಳಿಗೆ ಕಿತ್ತಳೆ. ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಹಸಿರು. ಓದುವವರಿಗಾಗಿ ಬರೆದ ಟಿಪ್ಪಣಿಗೆ ಕೆಂಪು. ಚಿಹ್ನೆಯನ್ನು ಮುಚ್ಚಲು ಮರೆತರೆ ಸಾಲಿನ ಉಳಿದ ಭಾಗವೆಲ್ಲ ಹಸಿರಾಗಿ ತಪ್ಪು ತಾನಾಗಿಯೇ ಎದ್ದು ಕಾಣುತ್ತದೆ. ಕಲಿಯುವ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಈ ಬಣ್ಣ ಕಡತಕ್ಕೆ ಸೇರಿದ್ದಲ್ಲ. ಅಲ್ಲಿ ಉಳಿಯುವುದು ಬರಿಯ ಅಕ್ಷರ. ಪ್ರೋಗ್ರಾಂ ನಡೆಸುವ ಯಂತ್ರಕ್ಕೆ ಬಣ್ಣದ ಹಂಗಿಲ್ಲ. ಬಣ್ಣವಿರುವುದು ಓದುವ ಕಣ್ಣಿಗಾಗಿ ಮಾತ್ರ.

ಹಾಗಾದರೆ, ಯಾರ ಕಣ್ಣಿಗೆ? ಕೆಂಪು ಹಸಿರುಗಳ ಭೇದ ತಿಳಿಯದ ಮಕ್ಕಳಿದ್ದಾರೆ. ಇದು ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುವಂಥದು, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೂ ಇಂಥ ಕಣ್ಣೇ ಇತ್ತು. 1792ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿ, ಮೇಣದ ಬತ್ತಿಯ ಬೆಳಕಿಗೆ ಜೆರೇನಿಯಂ ಹೂವೊಂದನ್ನು ನೋಡಿದಾಗಲಷ್ಟೇ ತನ್ನ ನೋಟ ಬೇರೆಯೆಂಬುದು ಅವನಿಗೆ ಖಚಿತವಾಯಿತು. 1794ರಲ್ಲಿ ಅದನ್ನು ಕುರಿತು ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಪ್ರಬಂಧ ಓದಿದ. ಅಂಥ ಮೇಧಾವಿಗೇ ಅಷ್ಟು ವರ್ಷ ಹಿಡಿಯಿತೆಂದರೆ, ಎಂಟನೆಯ ತರಗತಿಯ ಹುಡುಗ ತನಗೆ ಕಾಣುವುದು ಬೇರೆಯೆಂದು ಹೇಗೆ ಹೇಳಿಯಾನು? ಪಕ್ಕದವನು ಚುರುಕು, ತಾನು ದಡ್ಡ ಎಂದುಕೊಂಡು ಸುಮ್ಮನಾಗುತ್ತಾನೆ. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆಯೂ ಕಣ್ಣನ್ನೇ ದೂರುತ್ತದೆ. ಬಣ್ಣವನ್ನು ಆರಿಸಿದವರನ್ನು ಯಾರೂ ಕೇಳುವುದಿಲ್ಲ.

ಬದಲಿಸುವುದೇನೋ ಸುಲಭ. ‘ಆಪ್ಷನ್ಸ್’ ಪಟ್ಟಿಯಿಂದ ‘ಹೈಲೈಟ್ಸ್’ ಪುಟಕ್ಕೆ ಹೋಗಿ, ಟಿಪ್ಪಣಿಗೋ ಉದ್ಧರಣೆಗೋ ಬೇರೆ ಬಣ್ಣ ಕೊಡಬಹುದು. ಮೂಲದ ಜೋಡಣೆಯನ್ನು ಅದು ಕೆಡಿಸಗೊಡದು. ಹೊಸದಕ್ಕೆ ಹೊಸ ಹೆಸರಿಡಿ ಎನ್ನುತ್ತದೆ. ಹಳೆಯದು ಬೇಕಾದವರಿಗೆ ಹಳೆಯದೂ ಇರುತ್ತದೆ.

ಒಬ್ಬನಿಗಾಗಿ ಎಲ್ಲವನ್ನೂ ಬದಲಿಸುತ್ತ ಹೋದರೆ ಶಿಸ್ತೆಲ್ಲಿ ಎಂದು ಸಹೋದ್ಯೋಗಿಗಳು ಕೇಳುವುದುಂಟು. ತಳ್ಳಿಹಾಕುವ ಮಾತಲ್ಲ. ಒಂದೇ ಯಂತ್ರದ ಮುಂದೆ ಮೂವರು ಮಕ್ಕಳು ಕೂರುವ ಕಡೆ ಒಬ್ಬನ ಬಣ್ಣ ಮೂವರ ಬಣ್ಣವೂ ಆಗುತ್ತದೆ. ಆದರೆ ಎರಡು ಕಡೆಯ ನಷ್ಟವನ್ನೂ ತೂಗಿ ನೋಡಬೇಕಲ್ಲವೆ? ನೀಲಿಗೂ ಕಿತ್ತಳೆಗೂ ಇರುವ ಅಂತರ ಇಂಥ ಕಣ್ಣಿಗೂ ತಿಳಿಯುತ್ತದೆ. ಅದನ್ನು ನೆಚ್ಚಿ ಬಣ್ಣ ಜೋಡಿಸಿದರೆ ಉಳಿದಿಬ್ಬರು ಕಳೆದುಕೊಳ್ಳುವುದು ನಾಲ್ಕು ದಿನದ ರೂಢಿಯನ್ನು. ಜೋಡಿಸದಿದ್ದರೆ ಅವನು ಕಳೆದುಕೊಳ್ಳುವುದು ಇಡೀ ವರ್ಷದ ಆಸರೆಯನ್ನು. ಇಲ್ಲಿ ಶಿಸ್ತಿನ ಮಾತಿಗೆ ತೂಕ ಸಾಲದು ಎಂದೇ ನನ್ನ ಭಾವನೆ.

ಕಂಪ್ಯೂಟರಿನ ಬಣ್ಣವನ್ನಾದರೆ ಒಂದು ಗಳಿಗೆಯಲ್ಲಿ ಬದಲಿಸಬಹುದು. ಭೂಪಟದಲ್ಲಿ ಅಕ್ಕಪಕ್ಕ ಅಚ್ಚಾದ ಕೆಂಪು ಹಸಿರುಗಳು, ಉತ್ತರಪತ್ರಿಕೆಯ ಮೇಲಿನ ಕೆಂಪು ಶಾಯಿ, ಇವು ಯಾವ ಮಗುವಿಗೆ ಹೇಗೆ ಕಾಣುತ್ತಿವೆಯೆಂದು ಕೇಳುವ ಕೆಲಸ ಮಾತ್ರ ಉಪಾಧ್ಯಾಯರಾದ ನಮ್ಮದೇ.